ಐದೂವರೆಗೆ ಉಣ್ಣುವ ರಾಕ್ಷಸರು

ಮೂಡುಬಿದಿರೆ
3 ಅಕ್ಟೋಬರ್ 2024

ಶ್ರೀ ಧನರಾಜ್ ಅವರಿಗೆ,

ಇದನ್ನು ಬರೆಯದೆ ಬಿಟ್ಟುಬಿಡುವ ಎಂದೇ ಇದ್ದೆ. ನಿಮಗೆ ಬಂದ ಕ್ಷಮಾವಣಿ ಕಾರ್ಡು ನಿಮಗೆಂದು ಬರೆದದ್ದಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಬಲ್ಲವರಿಗೆಲ್ಲ ಹೇಳುವುದು ನಮ್ಮ ಜೈನರಲ್ಲಿ ರೂಢಿ. ನನ್ನ ತಂದೆ ಹೇಮರಾಜರು ಅದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕಳಿಸುತ್ತಿದ್ದರು. ಅಂಗಡಿಯ ಗಿರಾಕಿಗಳಿಗೆ, ಡಾಕ್ಟರಿಗೆ, ಕೋರ್ಟಿನಲ್ಲಿ ತಮ್ಮ ಎದುರು ನಿಂತವರಿಗೂ. ಅವರು ಹೋದ ಮೇಲೆ ನಾನು ಮುಂದುವರಿಸಿದ್ದೇನೆ. ಈ ಸಲ ‘ಚಾವಡಿ’ಯ ಪುಸ್ತಕ ವಿನಿಮಯದಲ್ಲಿದ್ದ ವಿಳಾಸಗಳನ್ನೂ ಸೇರಿಸಿದೆ. ನಿಮ್ಮ ಹೆಸರು ಅದರಲ್ಲಿ ಉಳಿದಿತ್ತು. ತೆಗೆಯಲು ನೆನಪಾಗಲಿಲ್ಲ.

ನೀವು ಮರುಟಪಾಲಿನಲ್ಲಿ “ಕ್ಷಮಿಸಿದ್ದೇನೆ ಮೇಡಂ, ಇನ್ನು ಆ ಸಾಲು ತೆಗೆಯಿರಿ” ಎಂದು ಬರೆದಿದ್ದೀರಿ. ಆ ಕ್ಷಮೆಯನ್ನು ಇಟ್ಟುಕೊಳ್ಳಲು ನನ್ನಿಂದಾಗದು. ನಾನು ಕೇಳಿದ್ದಲ್ಲ ಅದು. ವಾಪಸು ಕಳಿಸಿದ್ದೇನೆ ಎಂದು ತಿಳಿಯಿರಿ.

ಸಾಲಿನ ವಿಷಯ. ಚಾವಡಿಯಂಥ ಆನ್‌ಲೈನ್ ಹರಟೆಕಟ್ಟೆಯಲ್ಲಿ ಕೆಣಕುವವರು ಇದ್ದೇ ಇರುತ್ತಾರೆ. ನಿರ್ವಾಹಕಿಯಾಗಿ ನಾನು ‘ಲಾಸ್ಟ್ ಲೈಫ್’ ಎಂಬ ಹೆಸರಿನ ನಿಮ್ಮನ್ನು ವರ್ಷಗಟ್ಟಲೆ ಸಹಿಸಿದೆ. ಆದರೆ ‘ಹೊಸಬಳು’ ಎಂಬಾಕೆ ಕಂತುಕಂತಾಗಿ ಹಾಕುತ್ತಿದ್ದ ‘ಏಳು ಹೊಳೆಗಳಾಚೆ’ ಎಂಬ ಫ್ಯಾಂಟಸಿ ಕಾದಂಬರಿಯ ಕೆಳಗೆ ನೀವು ಬರೆದದ್ದು ಒಂದು ಸಮುದಾಯದ ಆಚಾರದ ಲೇವಡಿ. ಹನ್ನೊಂದನೇ ಅಧ್ಯಾಯಕ್ಕೆ ನಿಲ್ಲಿಸಿದವಳು ಮತ್ತೆ ಬರೆದಿಲ್ಲ. ನಿಮ್ಮ ಹೆಸರಿನ ಮುಂದೆ ಇರುವ “ಧಾರ್ಮಿಕ ನಿಂದನೆಗಾಗಿ ಹೊರಹಾಕಲಾಗಿದೆ” ಎಂಬ ಸಾಲು ಅಲ್ಲೇ ಇರುತ್ತದೆ.

ವಿನಿಮಯದಲ್ಲಿ ನೀವು ಒಯ್ದ ನನ್ನ ದಪ್ಪ ಇಂಗ್ಲಿಷ್ ಕಾದಂಬರಿ, ಸಂಪುಟ ಮೂರು, ಇನ್ನೂ ಬಂದಿಲ್ಲ. ಅದಿಲ್ಲದೆ ನಾಲ್ಕು, ಐದು ಓದಲಾಗುವುದಿಲ್ಲ. ದಯವಿಟ್ಟು ಕಳಿಸಿ.

ಸಾಧನಾ


ಬೆಳ್ತಂಗಡಿ
16 ಅಕ್ಟೋಬರ್ 2024

ಮಾನ್ಯ ನಿರ್ವಾಹಕಿಯವರೇ,

ಕಾರ್ಡು ಊರಿಗೆಲ್ಲ ಹೋದದ್ದು ಅಂತ ತಿಳಿದು ಸ್ವಲ್ಪ ಮರ್ಯಾದೆ ಹೋಯಿತು. ಅದನ್ನು ಮನೆಯವಳಿಗೆ ತೋರಿಸಿ, “ನೋಡು, ಒಬ್ಬರಾದರೂ ತಪ್ಪು ಒಪ್ಪಿಕೊಂಡ್ರು” ಅಂತ ಹೇಳಿ ಆಗಿತ್ತು. ಅವಳು ತಿರುಗಿಸಿ ನೋಡಿ, “ಇದು ಅಚ್ಚು ಹಾಕಿಸಿದ್ದಲ್ವಾ, ಮದುವೆ ಕಾಗದದ ಹಾಗೆ?” ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ನೀವು ವಾಪಸು ಕಳಿಸಿದ ಕ್ಷಮೆ ತಲುಪಿತು. ಇಟ್ಟುಕೊಂಡಿದ್ದೇನೆ. ಹಾಳಾಗುವ ಸಾಮಾನಲ್ಲ.

ಒಂದೇ ಪ್ರಶ್ನೆ. ಯಾವ ಧರ್ಮ? ನಾನು ಬರೆದದ್ದು ಇಷ್ಟು: “ಹೊಳೆ ದಾಟಿ ಬಂದ ಸೈನ್ಯ ಐದೂವರೆಗೆ ಊಟ ಮುಗಿಸುತ್ತದೆ. ಕೋಟೆಯೊಳಗಿನ ಕಬ್ಬಿಣಗಣ್ಣ ರಾಕ್ಷಸನೂ ಐದೂವರೆಗೆ ಊಟ ಮುಗಿಸುತ್ತಾನೆ. ಇಷ್ಟು ಅಧ್ಯಾಯದಲ್ಲಿ ಒಬ್ಬನೂ ರಾತ್ರಿ ಉಂಡದ್ದಿಲ್ಲ. ಇದು ಯುದ್ಧವಾ, ಲೇಡೀಸ್ ಹಾಸ್ಟೆಲಾ ಮಾರಾಯ್ರೆ? ಆರು ಗಂಟೆಗೆ ದಾಳಿ ಮಾಡಿದರೆ ಎರಡೂ ಕಡೆಯವರು ಕೈ ತೊಳೀತಾ ಸಿಗ್ತಾರೆ.” ಇದರಲ್ಲಿ ರಾಕ್ಷಸರ ಧರ್ಮ ಬಿಟ್ಟು ಬೇರೆ ಯಾವುದುಂಟು?

ಕೆಣಕುವವ ಹೌದು ನಾನು. ಅದಕ್ಕೆ ಹೊರಹಾಕಿದರೆ ಬೇಸರ ಇಲ್ಲ. “ಕಿರಿಕಿರಿ ಜನ” ಅಂತ ಬರೆಯಿರಿ, ಬೇಕಾದರೆ ಕೆಳಗೆ ಸಹಿ ಹಾಕ್ತೇನೆ. ಆದರೆ ನಮ್ಮ ಈ ಕಡೆ ಧಾರ್ಮಿಕ ನಿಂದನೆ ಅನ್ನುವ ಮಾತು ಒಬ್ಬನ ಹೆಸರಿನ ಪಕ್ಕ ಬಂದು ಕೂತರೆ ಅದು ಎದ್ದು ಹೋಗುವುದಿಲ್ಲ. ಅದೊಂದನ್ನು ತೆಗೆಯಿರಿ. ಬೇರೇನೂ ಬೇಡ.

ಸಂಪುಟ ಮೂರು ನನ್ನ ಹತ್ತಿರ ಜಾಮೀನು. ಸಾಲು ಹೋದ ದಿನ ಬರುತ್ತದೆ.

ಧನರಾಜ್


ಮೂಡುಬಿದಿರೆ
11 ನವೆಂಬರ್ 2024

ಧನರಾಜರೇ,

ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ. ಹಗಲಿಡೀ ಶಾಲಾ ಪುಸ್ತಕಗಳ ಕರಡು ತಿದ್ದುತ್ತೇನೆ. ಆಮೇಲೆ ಚಾವಡಿಗೆ ಹೋಗಿ ಯಾರ ಮಾತು ಇರಬೇಕು, ಯಾರದ್ದು ಹೋಗಬೇಕು ಎಂದು ನೋಡುತ್ತೇನೆ. ಇನ್ನೊಬ್ಬರ ವಾಕ್ಯಗಳ ಮೇಲೆ ತೀರ್ಪು ಕೊಟ್ಟು ಕೊಟ್ಟು ಸಾಕಾಗಿದೆ. ಅಂಚೆಯಲ್ಲಿ ಒಂದು ಅನುಕೂಲವಿದೆ, ಕೂಡಲೇ ಉತ್ತರಿಸದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

‘ಲಾಸ್ಟ್ ಲೈಫ್’ ಎಂಬ ಹೆಸರು ಎಲ್ಲಿಂದ ಬಂತು? ಕೇಳಬಾರದು ಎಂದಿದ್ದೆ. ನಮ್ಮ ಮನೆಯಲ್ಲೂ ಒಂದು ಟಿ.ವಿ. ಗೇಮ್ ಇತ್ತು. ಹಳದಿ ಕ್ಯಾಸೆಟ್, ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟಗಳಿವೆ ಎಂದು ಬರೆದಿತ್ತು. ಇದ್ದದ್ದು ಏಳೆಂಟು. ಉಳಿದದ್ದೆಲ್ಲ ಅದೇ ಆಟ, ಬೇರೆ ಬಣ್ಣ. ಆಡದೆ ನಿಂತರೆ ತೆಗೆದು ಊದಬೇಕು. ಮೊದಲನೇ ರಿಮೋಟ್ ಯಾವಾಗಲೂ ಅಣ್ಣ ಜಿನೇಶನಿಗೆ, ಎರಡನೆಯದು ನನಗೆ. ಎರಡನೆಯದರಲ್ಲಿ ಸ್ಟಾರ್ಟ್ ಗುಂಡಿಯೇ ಇರಲಿಲ್ಲ, ನೆನಪಿದೆಯೇ? ಶುರುಮಾಡುವುದು, ನಿಲ್ಲಿಸುವುದು ಎರಡೂ ಅವನ ಕೈಯಲ್ಲಿ. ಇಷ್ಟು ವರ್ಷದ ಮೇಲೆ ಚಾವಡಿಯ ನಿರ್ವಾಹಕಿ ಆಗಲು ನಾನು ಒಪ್ಪಿದ್ದು ಆ ಗುಂಡಿಯ ಆಸೆಗೇ ಇರಬಹುದೇ ಎಂದು ಈಗೀಗ ಅನುಮಾನ.

ಇಲ್ಲಿಗೆ ನಿಲ್ಲಿಸುತ್ತೇನೆ. ಊಟದ ಹೊತ್ತು. ಬೆಳಕು ಸಾಯುವ ಮೊದಲು ಕೈ ತೊಳೆದಿರಬೇಕು.

ಸಾಧನಾ


ಬೆಳ್ತಂಗಡಿ
5 ಡಿಸೆಂಬರ್ 2024

ಸಾಧನಕ್ಕಾ,

ಮೇಡಂ ಬಿಟ್ಟೆ. ಎರಡನೇ ರಿಮೋಟ್ ಹಿಡಿದವರನ್ನು ಮೇಡಂ ಅನ್ನುವುದು ಕಷ್ಟ.

ಶಾಲೆಗೆ ರಜೆ ಸಿಕ್ಕಿದರೆ ನಾನು ನರಿಕೊಂಬಿನ ಸೇಸಮ್ಮ ಚಿಕ್ಕಮ್ಮನ ಮನೆಗೆ. ಅಲ್ಲಿಂದ ಬಿ.ಸಿ.ರೋಡಿಗೆ ನಡೆದುಕೊಂಡು. ಬಸ್ ಸ್ಟ್ಯಾಂಡಿನ ಹಿಂದೆ ಇಬ್ರಾಹಿಂ ಕಾಕನ ವಿಡಿಯೊ ಗೇಮ್ ಅಂಗಡಿ. ಆಡುವವನಿಗೆ ಕೊನೆಯ ಪ್ರಾಣ ಉಳಿದಾಗ ಕಾಕ ಮೇಜಿಗೆ ಬಡಿದು, “ಲಾಸ್ಟ್ ಲೈಫ್, ಲಾಸ್ಟ್ ಲೈಫ್, ಹಿಂದಿನವ ಬಾ” ಅಂತ ಕೂಗುವುದು. ಕೂಡಲೇ ಹಿಂದೆ ನಿಂತವರೆಲ್ಲ ಬೈಯಲು ಶುರು. “ಹಾರು ಮಾರಾಯ, ನಿನ್ನ ಕಾಲಿಗೆ ಪ್ಲಾಸ್ಟರ್ ಉಂಟಾ?” “ಇವ ಆಡುವುದಕ್ಕಿಂತ ಇವನ ಅಜ್ಜಿ ಆಡಲಿ.” ಅಷ್ಟು ಬೈಗುಳ ಇಲ್ಲದಿದ್ದರೆ ಆಡಿದವನಿಗೆ ಹುರುಪೇ ಇಲ್ಲ. ಹಿಂದೆ ನಿಂತು ಬೈಯುವುದು ಅಂದರೆ ನಿನ್ನ ಆಟ ನೋಡ್ತಾ ಇದ್ದೇನೆ ಅಂತ ಅರ್ಥ. ಯಾರ ಆಟ ಸಪ್ಪೆಯೋ ಅವನ ಹಿಂದೆ ಯಾರೂ ನಿಲ್ಲುವುದಿಲ್ಲ.

ಚಾವಡಿಯಲ್ಲಿ ನಾನು ಅದನ್ನೇ ಮಾಡಿದ್ದು ಅಂತ ಕಾಣ್ತದೆ. ಅಲ್ಲಿ ನನ್ನ ಮುಖ ಇರಲಿಲ್ಲ, ಬೈಗುಳ ಮಾತ್ರ ಇತ್ತು.

ಕಾಕನ ಅಂಗಡಿ ಇದ್ದಲ್ಲಿ ಈಗ ಅವರ ಮಗ ಇಮ್ತಿಯಾಝ್ ಮೊಬೈಲ್ ರಿಪೇರಿ ಮಾಡ್ತಾನೆ. ನಿಮ್ಮ ಜೊತೆಯ ನಿರ್ವಾಹಕ. ಅವನನ್ನು ಕೇಳಿ, ಎಂಟನೇ ಲೆವೆಲ್ ನಾನು ದಾಟಿದ್ದೇ ಇಲ್ಲ.

ಈಗ ಭಾನುವಾರ ಬಿಡುವುಂಟು, ಹಾಗಾಗಿ ನಿಮ್ಮ ಸಂಪುಟ ಮೂರನ್ನು ಎರಡನೇ ಸಲ ಓದ್ತಾ ಇದ್ದೇನೆ. ಪ್ರಶ್ನೆ ಅಲ್ಲೇ ಉಂಟು. ಅವಸರ ಇಲ್ಲ.

ಧನರಾಜ್


ಮೂಡುಬಿದಿರೆ
19 ಜನವರಿ 2025

ಧನರಾಜರೇ,

ಒಂದು ಸುದ್ದಿ. ಚಾವಡಿಯನ್ನು ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತೇವೆ. ಬರುವವರಿಲ್ಲ. ಮೊನ್ನೆ ಒಬ್ಬ ಹೊಸ ಸದಸ್ಯ ಬಂದು ನಮಸ್ಕಾರ ಹೇಳಿ, ಯಾರೂ ಮಾತಾಡಿಸದ್ದಕ್ಕೆ ತನಗೆ ತಾನೇ ಶುಭರಾತ್ರಿ ಹೇಳಿ ಹೋದ. ಇದ್ದದ್ದನ್ನು ಇದ್ದ ಹಾಗೆ ಇಮ್ತಿಯಾಝ್ ಒಂದು ಕಡೆ ಉಳಿಸಿಡುತ್ತಾನೆ. ಯಾರು ಬೇಕಾದರೂ ಓದಬಹುದು, ಯಾರೂ ಬದಲಿಸಲಾಗುವುದಿಲ್ಲ.

ನೀವು ಆ ಸಂಪುಟವನ್ನು ಎರಡು ಸಲ ಓದಿದ್ದು ಕೇಳಿ ಆಶ್ಚರ್ಯವಾಯಿತು. ನನ್ನ ಮನೆಯವರಿಗೆ, ನಲವತ್ತೈದರ ಹೆಂಗಸು ಡ್ರ್ಯಾಗನ್‌ಗಳ ಪುಸ್ತಕ ಓದುವುದು ಒಂದು ಕಾಯಿಲೆಯ ಹಾಗೆ. ಅಂಥ ಪುಸ್ತಕಗಳಲ್ಲಿ ನನಗೆ ಯುದ್ಧಕ್ಕಿಂತ ದಾರಿ ಇಷ್ಟ. ಎಲ್ಲರೂ ದಣಿದಿರುತ್ತಾರೆ, ಆದರೂ ನಡೆಯುತ್ತಾರೆ, ಯಾಕೆ ದಣಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಕನ್ನಡದಲ್ಲಿ ಅಂಥ ಒಂದು ದಾರಿ ಬರೆದರೆ ಅದು ಊರಿನವರಿಗೆ ಹೊಂದುತ್ತದೆಯೋ ಇಲ್ಲವೋ ತಿಳಿಯದು.

ಒಂದು ಕೇಳಲೇ? ‘ಏಳು ಹೊಳೆಗಳಾಚೆ’ ನಿಜಕ್ಕೂ ಅಷ್ಟು ಕೆಟ್ಟದಿತ್ತೇ? ಆ ಹುಡುಗಿಗೆ ತಿಳಿಸಬೇಕು, ಅದಕ್ಕೆ.

ಸಾಧನಾ


ಬೆಳ್ತಂಗಡಿ
8 ಫೆಬ್ರವರಿ 2025

ಸಾಧನಕ್ಕಾ,

ಆ ಹುಡುಗಿಗೆ ಹೀಗೆ ಹೇಳಿ.

ಮೊದಲ ಮೂರು ಅಧ್ಯಾಯ ಇಂಗ್ಲಿಷಿನಲ್ಲಿ ಯೋಚಿಸಿ ಬರೆದದ್ದು, ಗೊತ್ತಾಗುತ್ತದೆ. ಕುದುರೆ ಜಾಸ್ತಿ. ನಮ್ಮಲ್ಲಿ ಕುದುರೆ ಎಲ್ಲುಂಟು? ನಾಲ್ಕರಿಂದ ಅವಳ ಕೈ ಬಿಸಿಯಾಯಿತು. ಸೇನಾಪತಿ ಹೆಂಗಸು ಬಹಳ ಚೆಂದ. ಯಾರಿಗೂ ಬೈಯುವುದಿಲ್ಲ, ಯಾರನ್ನೂ ಬಿಟ್ಟು ಹೋಗುವುದಿಲ್ಲ. ಒಂಬತ್ತರಲ್ಲಿ ಹೊಳೆ ದಾಟುವಾಗ ದೋಣಿಯವ ಹೊರೆಗಳನ್ನೆಲ್ಲ ತೂಗಿ, ಕೊನೆಗೆ ಅವಳ ದಣಿವನ್ನೂ ತೂಗಲು ಕೇಳುತ್ತಾನಲ್ಲ, ಅದನ್ನು ನಾನು ಭಾನುವಾರ ಗಟ್ಟಿಯಾಗಿ ಓದಿ ಹೇಳಿದ್ದೆ. ಕೇಳಿದವರು ಇನ್ನೊಮ್ಮೆ ಓದಿಸಿದರು. ಹನ್ನೊಂದಕ್ಕೆ ನಿಂತದ್ದು ಅನ್ಯಾಯ. ಸೈನ್ಯ ಕೋಟೆಯ ಬಾಗಿಲಲ್ಲಿ ನಿಂತೇ ಉಂಟು.

ರಾಕ್ಷಸನ ಊಟದ ತಮಾಷೆಗೆ ಅವಳಿಗೆ ನೋವಾಗಿದ್ದರೆ ನನಗೂ ನೋವುಂಟು ಅಂತ ಹೇಳಿ. ನಾನು ಅವಳ ಹಿಂದೆ ನಿಂತಿದ್ದೆ, ಅಷ್ಟೇ.

ಯಾರೂ ಬದಲಿಸಲಾಗದ ಹಾಗೆ ಉಳಿಸಿಡುತ್ತೀರಿ ಅಂದಿರಿ. ಹಾಗಾದರೆ ನನ್ನ ಆ ಸಾಲೂ ಉಳಿಯಿತು. ಅದು ಇನ್ನು ನನ್ನ ನಂತರವೂ ಇರುತ್ತದೆ. ಮುಚ್ಚುವ ಮೊದಲು ಒಮ್ಮೆ ನೋಡಿ ಅಕ್ಕ.

ಧನರಾಜ್


ಮೂಡುಬಿದಿರೆ
22 ಮಾರ್ಚ್ 2025
(ಅಂಚೆಗೆ ಹಾಕಿಲ್ಲ)

ಧನರಾಜರೇ,

ನಿನ್ನೆ ಬಿ.ಸಿ.ರೋಡಿಗೆ ಹೋಗಿದ್ದೆ. ಇಮ್ತಿಯಾಝ್ ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದ. ನಿಮ್ಮ ಸಾಲಿನ ಬಗ್ಗೆ ಏನು ಮಾಡುವ ಎಂದು ಕೇಳಿದೆ.

“ನೀವು ಹಾಕಿದ್ದಲ್ವಾ ಅಕ್ಕ, ನೀವೇ ತೆಗೆಯಿರಿ. ನನಗೆ ಅದರಲ್ಲಿ ಧರ್ಮ ಕಾಣಲೇ ಇಲ್ಲ.”

“ಮತ್ತೆ ಆಗ ಯಾಕೆ ಹೇಳಲಿಲ್ಲ?”

“ನಿಮ್ಮ ಧರ್ಮ. ನಿಮಗೆ ನೋವಾಗಿಲ್ಲ ಅಂತ ನಾನು ಹೇಗೆ ಹೇಳುವುದು? ನನ್ನ ಹೆಸರಿನವ ಹೇಳಿದರೆ ಅದು ಇನ್ನೊಂದು ಕಥೆ ಆಗ್ತದೆ.”

ಗಾಜಿನಡಿಯ ಗುಳ್ಳೆಯನ್ನು ಬೆರಳಲ್ಲಿ ಒತ್ತುತ್ತಾ ಅವನೇ ಮುಂದೆ ಹೇಳಿದ. “ಪಾಪ, ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ ಭಾನುವಾರ ಮಕ್ಕಳಿಗೆ ಕಥೆ ಓದಿ ಹೇಳ್ತಿದ್ದ. ಅದು ನಿಂತಿತಂತೆ.”

“ಯಾರು ನಿಲ್ಲಿಸಿದ್ದು?”

“ಯಾರೋ ಆ ಸಾಲಿನ ಫೋಟೊ ತೆಗೆದು, ಲಾಸ್ಟ್ ಲೈಫ್ ಅಂದರೆ ಇವನೇ ಅಂತ ಬರೆದು ಊರಿನ ವಾಟ್ಸಾಪಿಗೆ ಹಾಕಿದ್ದಾರೆ. ಸೊಸೈಟಿ ಅಧ್ಯಕ್ಷ ಲೋಕಯ್ಯ ಒಳ್ಳೆ ಮನುಷ್ಯ. ‘ಸ್ವಲ್ಪ ಸಮಯ ಬೇಡ ಧನರಾಜ’ ಅಂದ್ರಂತೆ. ಯಾವ ಧರ್ಮಕ್ಕೆ ಬೈದದ್ದು ಅಂತ ಯಾರೂ ಕೇಳಲಿಲ್ಲ ಅಕ್ಕ. ಪ್ರತಿಯೊಬ್ಬನೂ ತನ್ನದಕ್ಕೇ ಅಂತ ತಿಳ್ಕೊಂಡಿದ್ದಾನೆ.”

ಬಸ್ಸಿನಲ್ಲಿ ಬರುವಾಗ ನಿಮ್ಮ ಕಾಗದಗಳನ್ನು ನೆನೆಸಿಕೊಂಡೆ. ಭಾನುವಾರ ಬಿಡುವುಂಟು ಎಂದಿದ್ದಿರಿ. ನಾನು ಅದನ್ನು ಬಿಡುವು ಎಂದೇ ಓದಿದೆ.

ಹೊಸಬಳು ನಾನು. ಬೇರೆ ಹುಡುಗಿ ಇಲ್ಲ. ಆ ಹೆಸರು ಇಟ್ಟಾಗ ಎಲ್ಲರೂ ಕಾಲೇಜಿನವಳು ಎಂದುಕೊಂಡರು, ನಾನು ಅಲ್ಲವೆನ್ನಲಿಲ್ಲ. ಹುಡುಗಿಯೊಬ್ಬಳು ಬರೆದರೆ ಜನ ಸ್ವಲ್ಪ ಮೆತ್ತಗೆ ಓದುತ್ತಾರೆ.

ಮನೆಗೆ ಬಂದು ಹನ್ನೊಂದೂ ಅಧ್ಯಾಯ ಓದಿದೆ. ನೀವು ಹೇಳಿದ್ದು ನಿಜ, ಯಾರೂ ಕತ್ತಲಾದ ಮೇಲೆ ಉಣ್ಣುವುದಿಲ್ಲ. ನಾನು ಅದನ್ನು ಬೇಕೆಂದು ಇಟ್ಟದ್ದಲ್ಲ. ರಾಕ್ಷಸನನ್ನು ಊಟಕ್ಕೆ ಕೂರಿಸುವಾಗ ನನ್ನ ಕೈ ತಾನಾಗಿ ಸಂಜೆಯ ಬೆಳಕು ಬರೆಯಿತು. ಅದು ಧರ್ಮ ಎಂದು ಆಗ ನನಗೆ ಗೊತ್ತಿರಲಿಲ್ಲ, ಊಟದ ಹೊತ್ತು ಎಂದು ಗೊತ್ತಿತ್ತು. ನೀವು ನಕ್ಕ ಮೇಲೆಯೇ ಅದು ಧರ್ಮವಾದದ್ದು. ನಿಮಗೆ ನಗು ಬಂದದ್ದು ನನ್ನ ಕಥೆಯ ಬಗ್ಗೆ ಎಂದು ಒಪ್ಪುವುದಕ್ಕಿಂತ, ನಮ್ಮವರ ಆಚಾರದ ಬಗ್ಗೆ ಎಂದು ಬರೆದುಬಿಡುವುದು ಸುಲಭವಾಗಿತ್ತು.

ಇದನ್ನು ನಾಳೆ ಹಾಕಬೇಕು.


ಮೂಡುಬಿದಿರೆ
29 ಮಾರ್ಚ್ 2025

ಧನರಾಜರೇ,

ಕರಡುಗಳ ಒತ್ತಡದಿಂದ ತಡವಾಯಿತು. ಸಾಲಿನ ಬಗ್ಗೆ ಇಮ್ತಿಯಾಝ್ ಜೊತೆ ಮಾತನಾಡಿದ್ದೇನೆ. ಹಳೆಯ ನಿರ್ಣಯಗಳನ್ನು ಬದಲಿಸಲು ಒಂದು ಕ್ರಮವಿದೆ. ಪರಿಶೀಲಿಸುತ್ತಿದ್ದೇವೆ.

ನಿಮ್ಮ ಅಭಿಪ್ರಾಯವನ್ನು ಆ ಹುಡುಗಿಗೆ ತಿಳಿಸಿದೆ. ಸಂತೋಷಪಟ್ಟಳು.

ಸಾಧನಾ


ಬೆಳ್ತಂಗಡಿ
14 ಜೂನ್ 2025

ಮಾನ್ಯರೇ,

ಸಂಪುಟ ಮೂರು ಇದರೊಂದಿಗೆ ಉಂಟು. ಇನ್ನು ಜಾಮೀನಿನ ಅಗತ್ಯ ಇಲ್ಲ. ಪರಿಶೀಲನೆಯಲ್ಲಿ ಇರುವುದು ಅಂದರೆ ಏನು ಅಂತ ತಾಲೂಕು ಕಚೇರಿಯಲ್ಲಿ ಕಲಿತಿದ್ದೇನೆ.

ಒಂದು ಹೇಳಿ ಮುಗಿಸ್ತೇನೆ. ನೀವು ನವೆಂಬರಿನಲ್ಲಿ, “ಬೆಳಕು ಸಾಯುವ ಮೊದಲು ಕೈ ತೊಳೆದಿರಬೇಕು” ಅಂತ ಬರೆದು ಊಟಕ್ಕೆ ಎದ್ದಿರಿ. ನಾಲ್ಕನೇ ಅಧ್ಯಾಯದಲ್ಲಿ ಸೇನಾಪತಿ ಹೇಳುವುದೂ ಅದೇ ಮಾತು, ಅದೇ ಪದ. ನಿಮ್ಮವರು ಕತ್ತಲಾಗುವ ಮೊದಲು ಉಣ್ಣುತ್ತಾರೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಊರಿನಲ್ಲೂ ಜೈನರ ಮನೆಗಳುಂಟು. ಅದನ್ನು ರಾಕ್ಷಸನಿಗೆ ಜೋಡಿಸಿ ನೋಡಲು ನನ್ನ ತಲೆ ಓಡಿರಲಿಲ್ಲ. ಆ ದಿನ ಎರಡೂ ಒಟ್ಟಿಗೆ ಗೊತ್ತಾಯಿತು, ಬರೆದದ್ದು ಯಾರು, ನೋವಾದದ್ದು ಎಲ್ಲಿ ಅಂತ. ಪಾಪ ಅನಿಸಿತು.

ನೀವಾಗಿ ಹೇಳ್ತೀರಿ ಅಂತ ಕಾದೆ. ಫೆಬ್ರವರಿಯಲ್ಲಿ ಹುಡುಗಿಗೆ ಅಂತ ಬರೆದದ್ದೆಲ್ಲ ನಿಮಗೇ ಬರೆದದ್ದು. ನೀವು ಅದನ್ನು ಹುಡುಗಿಗೆ ತಿಳಿಸಿದೆ ಅಂದಿರಿ.

ಉತ್ತರ ಬೇಡ.

ಧನರಾಜ್


ಮೂಡುಬಿದಿರೆ
17 ಆಗಸ್ಟ್ 2025

ಧನರಾಜರೇ,

ಉತ್ತರ ಬೇಡ ಎಂದಿದ್ದೀರಿ. ಇದು ಉತ್ತರವಲ್ಲ, ಮಾರ್ಚಿನಲ್ಲೇ ಬರಬೇಕಾಗಿದ್ದ ಕಾಗದ. ಆಗ ಬರೆದು ಹಾಕದೆ ಇಟ್ಟದ್ದನ್ನೂ ಜೊತೆಗಿಟ್ಟಿದ್ದೇನೆ. ತಿದ್ದಿಲ್ಲ.

ಅದನ್ನು ಯಾಕೆ ಹಾಕಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಮನೆಯವರು ನಗುತ್ತಾರೆ ಎಂಬುದು ಒಂದು. ಇನ್ನೊಂದು, ನಿಮ್ಮ ಫೆಬ್ರವರಿಯ ಕಾಗದ. ಅಷ್ಟು ಚೆನ್ನಾಗಿ ಯಾರೂ ನನ್ನನ್ನು ಓದಿರಲಿಲ್ಲ. ಹೊಸಬಳು ನಾನೇ ಎಂದರೆ ಆ ಮಾತುಗಳನ್ನು ನೀವು ಹಿಂದಕ್ಕೆ ಪಡೆಯಬಹುದು ಎಂದು ಹೆದರಿದೆ. ನಿಮ್ಮ ಭಾನುವಾರಗಳು ಅಲ್ಲಿ ನಿಂತೇ ಇದ್ದವು, ನಾನು ಇಲ್ಲಿ ಒಂದು ಹೊಗಳಿಕೆಯನ್ನು ಕಾಯುತ್ತಾ ಕೂತಿದ್ದೆ.

ಚಾವಡಿಯಲ್ಲಿ ಹಾಕಲಿರುವ ಟಿಪ್ಪಣಿ ಇದು:

“ಕಳೆದ ವರ್ಷ ‘ಲಾಸ್ಟ್ ಲೈಫ್’ ಎಂಬ ಸದಸ್ಯರನ್ನು ಧಾರ್ಮಿಕ ನಿಂದನೆಗಾಗಿ ಹೊರಹಾಕಿದ್ದು ತಪ್ಪು. ಅವರು ಯಾವ ಧರ್ಮವನ್ನೂ ನಿಂದಿಸಿರಲಿಲ್ಲ. ಒಂದು ಕಾದಂಬರಿಯ ರಾಕ್ಷಸ ಸಂಜೆಯೇ ಉಣ್ಣುತ್ತಾನೆ ಎಂದು ತಮಾಷೆ ಮಾಡಿದ್ದರು. ಆ ಕಾದಂಬರಿ ಬರೆದವಳು ನಾನು. ನನ್ನ ಬರಹಕ್ಕೆ ನಕ್ಕದ್ದನ್ನು ನನ್ನ ಧರ್ಮಕ್ಕೆ ನಕ್ಕದ್ದು ಎಂದು ದಾಖಲಿಸಿದೆ. ಸಾಧನಾ, ನಿರ್ವಾಹಕಿ.”

ಹಳೆಯ ಸಾಲನ್ನು ಅಳಿಸುವುದಿಲ್ಲ. ಅದರ ಫೋಟೊ ಈಗಾಗಲೇ ಊರು ಸುತ್ತಿದೆ. ಇಲ್ಲಿ ಅಳಿಸಿದರೆ ಅಲ್ಲಿರುವ ಫೋಟೊಗೆ ಉತ್ತರವೇ ಇಲ್ಲದಂತಾಗುತ್ತದೆ. ಅದರ ಕೆಳಗೇ ಇದು ಇರಲಿ. ಇದರ ಒಂದು ಪ್ರತಿ ನನ್ನ ಹೆಸರು, ವಿಳಾಸದೊಂದಿಗೆ ಲೋಕಯ್ಯನವರಿಗೂ ಹೋಗುತ್ತದೆ. ಅವರು ಬರಲು ಹೇಳಿದರೆ ಸೊಸೈಟಿಗೆ ಬಂದು ಬಾಯಲ್ಲಿ ಹೇಳುತ್ತೇನೆ. ಮಾಳಿಗೆ ನಿಮಗೆ ಮತ್ತೆ ಸಿಗುತ್ತದೆಯೋ ಇಲ್ಲವೋ ನನಗೆ ತಿಳಿಯದು. ಫೋಟೊ ಹೋದಷ್ಟು ಬೇಗ ತಿದ್ದುಪಡಿ ಹೋಗುವುದಿಲ್ಲ ಎಂದು ಕರಡು ತಿದ್ದುವವಳಿಗೆ ಗೊತ್ತು.

ಹನ್ನೆರಡನೇ ಅಧ್ಯಾಯ ಶುರುಮಾಡಿದ್ದೇನೆ. ಸೈನ್ಯ ಕತ್ತಲಾದ ಮೇಲೆ ಕೋಟೆಯೊಳಗೆ ಹೋಗುತ್ತದೆ. ಕಬ್ಬಿಣಗಣ್ಣ ಅವರಿಗೆ ಬಡಿಸುತ್ತಾನೆ. ಸೇನಾಪತಿ ಉಣ್ಣುವುದಿಲ್ಲ, ಉಳಿದವರು ಉಣ್ಣುವುದನ್ನು ನೋಡುತ್ತಾ ಕೂರುತ್ತಾಳೆ. ಅಲ್ಲಿಗೆ ನಿಂತಿದೆ. ಆ ಹೊತ್ತಿನಲ್ಲಿ ದಣಿದವರು ಏನು ಉಣ್ಣುತ್ತಾರೆ, ಏನು ಮಾತಾಡುತ್ತಾರೆ, ನನಗೆ ಗೊತ್ತಿಲ್ಲ. ನಿಮ್ಮನ್ನು ಕೇಳಬೇಕೆಂದಿದೆ. ಈಗಲ್ಲ.

ಸಂಪುಟ ನಾಲ್ಕು ಕಳಿಸುತ್ತಿದ್ದೇನೆ. ಜಾಮೀನಲ್ಲ, ಓದಲು.

ಕ್ಷಮಾವಣಿಗೆ ಇನ್ನು ಮೂರು ವಾರವಿದೆ. ಕಾರ್ಡು ಅಚ್ಚಿಗೆ ಕೊಟ್ಟಾಗಿದೆ. ಈ ಸಲ ನೆನಪಿಟ್ಟು ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆದೆ. ಆ ದಿನ ಕ್ಷಮೆ ಕೇಳಿದರೆ ಎಲ್ಲರಲ್ಲೂ ಕೇಳಿದ ಹಾಗೆ ಆಗುತ್ತದೆ. ಕಳೆದ ವರ್ಷ ನಾನು ವಾಪಸು ಕಳಿಸಿದ್ದು ನಿಮ್ಮಲ್ಲಿ ಇನ್ನೂ ಉಳಿದಿದ್ದರೆ, ಈಗ ಅದನ್ನು ಕೇಳುತ್ತಿದ್ದೇನೆ. ಕೊಡಲೇಬೇಕೆಂದಿಲ್ಲ.

ಟಿಪ್ಪಣಿಯನ್ನು ಮಂಗಳವಾರ ಚಾವಡಿಯಲ್ಲಿ ಹಾಕಿ, ಅದು ಎಲ್ಲರಿಗೂ ಕಾಣುತ್ತಿದೆಯೇ ಎಂದು ನೋಡಿದ ಮೇಲೆ, ಮರುದಿನ ಇದನ್ನು ಅಂಚೆಗೆ ಕೊಡುತ್ತೇನೆ. ಅವತ್ತು ಹಬ್ಬವಿಲ್ಲ, ಪರ್ವವೂ ಇಲ್ಲ.

ಸಾಧನಾ

ಅಂಚೆಗೆ ಹಾಕುವುದು: ಬುಧವಾರ, 20 ಆಗಸ್ಟ್ 2025